ಪುಟ ಕೂಗಿದವಳು

ಕಂಡಕ್ಟರ್ ಹೆಂಗಸನ್ನು ಕಟ್ಟಿಕೊಂಡವನ ಮನೆಯಲ್ಲಿ ಮೌನವೆಂಬ ಪದಾರ್ಥ ಸಿಗುವುದಿಲ್ಲ ಎಂದು ಬೈಂಡರ್ ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದ. ಹೇಳುವಾಗ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದನೇ ಹೊರತು ಒಳಗೊಳಗೆ ಅದು ಅವನ ಹೆಮ್ಮೆ. ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ನಿಂತು ಸ್ಟಾಪು ಕೂಗಿ ಅವಳ ಗಂಟಲು ಹದಕ್ಕೆ ಬಂದಿತ್ತು. ಬಚ್ಚಲಿನಿಂದ ಟವೆಲ್ ಕೇಳಿದರೆ ಎದುರುಮನೆಯವರೂ ಎದ್ದು ನಿಲ್ಲಬೇಕು, ಅಂಥ ದನಿ. ಈ ಒಂದು ಮಾತು ಬಿಟ್ಟರೆ ಬೈಂಡರ್ ಹುಟ್ಟಾ ಮಿತಭಾಷಿ. ಹರಿದ ಪುಸ್ತಕ ಬಿಚ್ಚುವುದು, ಹೊಲಿಯುವುದು, ರಟ್ಟು ಅಂಟಿಸುವುದು, ಈ ಕೆಲಸಕ್ಕೆ ಮಾತು ಬೇಕಿಲ್ಲ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು, ಇವನಿಗೆ ಅದೊಂದು ಸುಖವಾಗಿತ್ತು.

ಅವಳ ತೋಳಿನ ಮೇಲೆ ನೀಲಿ ಗುರುತುಗಳು ಕಾಣಿಸಿಕೊಂಡಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬಸ್ಸಿನ ಕಂಬಗಳ ನಡುವೆ ದಿನವಿಡೀ ಓಲಾಡುವವಳ ಮೈಯಲ್ಲಿ ಅಂಥವು ಯಾವಾಗಲೂ ಇರುತ್ತಿದ್ದವು. ಹಲ್ಲುಜ್ಜುವಾಗ ರಕ್ತ ಬಂತೆಂದು ಬ್ರಷ್ ಬದಲಾಯಿಸಿದಳು. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ "ನಿಮ್ಮ ಹಾಗೆ ಕೂತಲ್ಲೇ ಕೂತಿರೋ ಕೆಲಸ ಅಲ್ಲ ಕಣ್ರೀ ನಂದು" ಎಂದು ಗಂಡನನ್ನೇ ಚುಚ್ಚಿದಳು. ಒಂದು ಬೆಳಿಗ್ಗೆ ಮೂರನೇ ಸ್ಟಾಪಿನಲ್ಲಿ ಸೀಟಿ ಬಾಯಿಗಿಟ್ಟವಳು ಊದಲಾಗದೆ ಕುಸಿದಳು. ಡ್ರೈವರ್ ಪ್ರಯಾಣಿಕರ ಸಮೇತ ಬಸ್ಸನ್ನು ಆಸ್ಪತ್ರೆಯ ಗೇಟಿಗೇ ತಂದು ನಿಲ್ಲಿಸಿದ. ನಾಲ್ಕು ದಿನದ ಮೇಲೆ, ಸೊಂಟದ ಮೂಳೆಗೆ ಸೂಜಿ ಹಾಕಿ ತೆಗೆದದ್ದನ್ನು ಪರೀಕ್ಷಿಸಿ, ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿದರು. ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್, ಅದರಲ್ಲೂ ಬೇಗ ಬೆಳೆಯುವ ಜಾತಿಯದು.

ಡಾಕ್ಟರಮ್ಮ ಹಾಳೆಯ ಮೇಲೆ ದುಂಡುದುಂಡಗೆ ಕಣಗಳ ಚಿತ್ರ ಬರೆದು ವಿವರಿಸಿದರು. ಬೈಂಡರ್ ತಲೆಯಾಡಿಸುತ್ತ ಕೂತಿದ್ದ, ಆದರೆ ಅವನಿಗೆ ಆ ಹಾಳೆ ಒಳ್ಳೇ ಗಟ್ಟಿ ಕಾಗದ ಎನ್ನುವುದರ ಹೊರತು ಬೇರೇನೂ ತಲೆಗೆ ಹೋಗಲಿಲ್ಲ. ಕೊನೆಗೆ ಅದನ್ನು ಮನೆಮಂದಿಗೆ ತಿಳಿಸಿ ಹೇಳಿದವಳು ರೋಗಿಯೇ. ಮಂಚದ ಮೇಲೆ ಒರಗಿಕೊಂಡು ಅತ್ತೆಗೆ ಪಾಠ ಮಾಡಿದಳು.

"ನೋಡಿ ಅತ್ತೆ, ಮೂಳೆ ಒಳಗೆ ರಕ್ತ ತಯಾರಾಗೋ ಜಾಗ ಇದೆಯಲ್ಲ, ಅದನ್ನ ಒಂದು ಬಸ್ಸು ಅಂದ್ಕೊಳ್ಳಿ. ಅದರಲ್ಲಿ ಟಿಕೆಟ್ ತಗೊಳ್ಳದ ಪೋಕರಿಗಳು ತುಂಬ್ಕೊಂಡಿದಾರೆ. ದೊಡ್ಡೋರಾಗಲ್ಲ, ಕೆಲಸ ಮಾಡಲ್ಲ, ಇಳಿಯೋದೂ ಇಲ್ಲ. ಒಬ್ಬ ಇದ್ದೋನು ಎರಡಾಗ್ತಾನೆ, ಎರಡು ನಾಲ್ಕಾಗತ್ತೆ. ಕೆಲಸಕ್ಕೆ ಹೋಗೋ ಮರ್ಯಾದಸ್ಥರಿಗೆ ಹತ್ತೋಕೆ ಜಾಗ ಇಲ್ಲ."

"ಯಾರಮ್ಮ ಮರ್ಯಾದಸ್ಥರು?"

"ಮೈಗೆ ಶಕ್ತಿ ಕೊಡೋ ಕೆಂಪು ಕಣ. ರೋಗ ತಡೆಯೋ ಬಿಳಿ ಕಣ. ಗಾಯ ಆದ್ರೆ ರಕ್ತ ನಿಲ್ಲಿಸೋ ಪ್ಲೇಟ್‌ಲೆಟ್ಟು."

"ಪೋಕರಿಗಳನ್ನ ಕತ್ತು ಹಿಡಿದು ಇಳಿಸೋದು ತಾನೆ? ನೀನು ಇಳಿಸದೇ ಇರೋರಾ?"

"ಇಳಿಸ್ತಾರಂತೆ. ಔಷಧಿ ಹಾಕಿ ಇಡೀ ಬಸ್ಸು ಖಾಲಿ ಮಾಡ್ತಾರೆ. ಒಳ್ಳೆಯವರೂ ಇಳೀಬೇಕು. ಆಮೇಲೆ ಯಾರು ಮೊದಲು ಹತ್ತುತ್ತಾರೆ ಅಂತ ಕಾಯೋದು."

ಬೈಂಡರ್‌ಗೆ ಆಗ ಅರ್ಥವಾಯಿತು. ಅರ್ಥವಾಗಿ ಹೆದರಿಕೆ ಇನ್ನೂ ಜಾಸ್ತಿಯಾಯಿತು.

ಬಸ್ಸು ಖಾಲಿ ಮಾಡುವುದಕ್ಕೆ ಒಂದು ವಾರ ಹಿಡಿಯಿತು, ಕಾಯುವುದಕ್ಕೆ ಮತ್ತೆ ನಾಲ್ಕು ವಾರ. ಕೂದಲು ಉದುರಿತು, ಬಾಯಿ ತುಂಬ ಹುಣ್ಣಾಯಿತು, ಆ ದನಿ ಪಿಸುಮಾತಿಗೆ ಇಳಿಯಿತು. ಮತ್ತೆ ಮೂಳೆಗೆ ಸೂಜಿ ಹಾಕಿ ನೋಡಿದರು. ನೂರಕ್ಕೆ ಅರವತ್ತಿದ್ದ ಕೆಟ್ಟ ಕಣಗಳು ಒಂಬತ್ತಕ್ಕೆ ಬಂದಿದ್ದವು. "ಐದಕ್ಕಿಂತ ಕೆಳಗೆ ಬರಬೇಕು. ಇನ್ನೊಂದು ಸುತ್ತು ಔಷಧಿ ಕೊಡಬೇಕು, ಅದಕ್ಕೆ ಮೈಯಲ್ಲಿ ಸ್ವಲ್ಪ ತ್ರಾಣ ಬರಲಿ. ಮೂರು ವಾರ ಮನೇಲಿರಿ. ಈ ಮೂರು ವಾರ ಸೋಂಕು ತಗಲದ ಹಾಗೆ ನೋಡಿಕೊಂಡರೆ ಅರ್ಧ ಗೆದ್ದ ಹಾಗೆ" ಎಂದು ಡಾಕ್ಟರಮ್ಮ ಕಳಿಸಿಕೊಟ್ಟರು. ಮೂರು ವಾರ ಅವಳನ್ನು ಕಾಪಾಡುವುದು, ಬೈಂಡರ್‌ನ ಪಾಲಿಗೆ ಅದೊಂದೇ ಕೆಲಸವಾಯಿತು.

ಆಸ್ಪತ್ರೆಯವರು ಕೊಟ್ಟ ಸೂಚನೆಗಳ ಹಾಳೆಯನ್ನು ಮಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನೀರು ಕುದಿಸಬೇಕು. ಹಸಿ ತರಕಾರಿ ಬೇಡ, ಸಿಪ್ಪೆ ಸಮೇತ ತಿನ್ನುವ ಹಣ್ಣು ಬೇಡ. ಹೂವಿನ ಕುಂಡ, ಸಾಕುಪ್ರಾಣಿ ದೂರ. ನೆಗಡಿಯವರು ಹತ್ತಿರ ಸುಳಿಯಬಾರದು. ಹೊಗೆ, ಧೂಳು ಆಗದು. ಮಾಸ್ಕ್ ತೆಗೆಯಬಾರದು. ಜ್ವರ ನೂರು ದಾಟಿದರೆ ಗಂಟೆಯೊಳಗೆ ಆಸ್ಪತ್ರೆ. ಮಗಳಿಗೆ ಹತ್ತೊಂಬತ್ತು ವರ್ಷ, ಕಾಲೇಜಿನ ಎರಡನೇ ವರ್ಷ, ಹಾಳೆಯಲ್ಲಿದ್ದ ಒಂದೊಂದು ಸಾಲನ್ನೂ ಪರೀಕ್ಷೆಗೆ ಓದಿದ ಹಾಗೆ ಓದಿಕೊಂಡಿದ್ದಳು. ಅಮ್ಮ ಅವಳಿಗೆ ಚೆಕಿಂಗ್ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಳು. ಯಾವ ಸ್ಟಾಪಿನಲ್ಲಿ ಹತ್ತಿ ಯಾರನ್ನು ಹಿಡಿಯುತ್ತಾಳೋ ಹೇಳಲಾಗುತ್ತಿರಲಿಲ್ಲ.

ಮೊದಲು ಸಿಕ್ಕಿಬಿದ್ದವಳು ಅಜ್ಜಿ.

"ಅಜ್ಜೀ, ಟೊಮೇಟೊ ಬೇಯಿಸಿದ್ಯಾ, ಬರೀ ಬಿಸಿನೀರಲ್ಲಿ ಅದ್ದಿದ್ಯಾ?"

"ಬೆಂದಿದೆ ಕಣೇ."

"ಗಟ್ಟಿ ಇದೆ!"

"ನಿನ್ನಪ್ಪನ್ನ ಸಾಕಿದೀನಿ ಇದೇ ಕೈಯಲ್ಲಿ. ಅವನೇನು ಸತ್ನಾ?"

"ಅಪ್ಪಂಗೆ ಬಿಳಿ ಕಣ ಇತ್ತು ಅಜ್ಜಿ. ಅಮ್ಮಂಗಿಲ್ಲ."

ಅಜ್ಜಿ ಗೊಣಗುತ್ತ ಟೊಮೇಟೊವನ್ನು ಮತ್ತೆ ಒಲೆಯ ಮೇಲಿಟ್ಟು ಗುರುತು ಸಿಗದ ಹಾಗೆ ಬೇಯಿಸಿದಳು. ಗೊಣಗಿದರೂ ಮುದುಕಿ ಸುಮ್ಮನೆ ಕೂತವಳಲ್ಲ. ತಟ್ಟೆ ಲೋಟಗಳನ್ನು ದಿನಕ್ಕೆರಡು ಸಲ ಕುದಿಸಿದಳು. ಹದಿನಾಲ್ಕು ವರ್ಷ ಸಾಕಿದ ಹೂವಿನ ಕುಂಡಗಳನ್ನು ಪಕ್ಕದ ಬೀದಿಯವರಿಗೆ ಕೊಟ್ಟು, ಕೊಟ್ಟು ಬಂದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತಳು. ಬ್ರೆಡ್ಡಿನ ಅಂಚಿನಲ್ಲಿ ಸಾಸಿವೆಯಷ್ಟು ಬೂಷ್ಟು ಕಂಡಿತೆಂದು ಇಡೀ ಪೊಟ್ಟಣವನ್ನು ಬೀದಿಯ ತುದಿಯ ತೊಟ್ಟಿಗೆ ಎಸೆದು ಬಂದು ಸೋಪಿನಲ್ಲಿ ಕೈ ತೊಳೆದಳು.

ಬೈಂಡರ್‌ನ ಅಂಗಡಿ ಮಾರುಕಟ್ಟೆಯಲ್ಲಿ ಒಂದು ಮೆಟ್ಟಿಲ ಕೆಳಗಿನ ಗೂಡು. ಆಗ ಅವನ ಕೈಯಲ್ಲಿದ್ದದ್ದು ದೊಡ್ಡ ಕೆಲಸ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ನೀರಿನ ಪೈಪು ಒಡೆದು ನಲವತ್ತು ವರ್ಷದ ಹಳೇ ವಾರಪತ್ರಿಕೆಗಳೆಲ್ಲ ನೆನೆದು, ಒಣಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನು ಬಿಡಿಸಿ, ತೇಪೆ ಹಾಕಿ, ವರ್ಷಕ್ಕೊಂದು ಸಂಪುಟವಾಗಿ ಕಟ್ಟಿಕೊಡಬೇಕು. ಗ್ರಂಥಾಲಯದವರು ಅವಸರ ಮಾಡುತ್ತಿದ್ದರು, ಮನೆಯಲ್ಲಿ ಈಗ ಅವಳ ಸಂಬಳ ಅರ್ಧವಾಗಿತ್ತು. ಆದರೆ ಮಗಳು ಕಾಲೇಜಿಗೆ ಹೋದ ಮೇಲೆ ರೋಗಿಯನ್ನು ಕಿವಿ ಮಂದವಾದ ಮುದುಕಿಯ ಕೈಗೆ ಒಪ್ಪಿಸಿ ಅಂಗಡಿಯಲ್ಲಿ ಕೂರುವುದು ಅವನಿಂದಾಗಲಿಲ್ಲ. ಹೊಲಿಗೆ ಹಾಕುವಾಗ ಸೂಜಿ ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದ.

"ಅಂಗಡಿನೇ ಮನೆಗೆ ತಂದುಬಿಡೋ, ಮಗಾ" ಎಂದಳು ತಾಯಿ. "ಮುಂದಿನ ಕೋಣೆ ಖಾಲಿ ಬಿದ್ದಿದೆ. ಕೆಲಸಾನೂ ಆಗತ್ತೆ, ಅವಳ ಮೇಲೆ ಕಣ್ಣೂ ಇರತ್ತೆ."

ಎಲ್ಲರಿಗೂ ಸರಿಯೆನಿಸಿತು. ಮಗಳು ತಾನೇ ಮುಂದಾಗಿ ಆ ಕೋಣೆಯನ್ನು ಫಿನಾಯಿಲ್ ಹಾಕಿ ತೊಳೆದಳು, ಕಿಟಕಿಯ ಸರಳು ಸಹ ಒರೆಸಿದಳು. ಬೈಂಡರ್ ಒತ್ತುಯಂತ್ರ, ಹೊಲಿಗೆಯ ಚೌಕಟ್ಟು, ಅಂಟಿನ ಡಬ್ಬ, ಪತ್ರಿಕೆಯ ಕಟ್ಟುಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದ. ಒಳಗೆ ತರುವ ಮೊದಲು ಕಾಲು ತೊಳೆದ, ಬಟ್ಟೆ ಬದಲಾಯಿಸಿದ. ಇನ್‌ಸ್ಪೆಕ್ಟರ್ ನೋಡಿ ತೃಪ್ತಿಪಟ್ಟಳು.

ಕಾಗದ ಎಂದರೆ ಈ ಮನೆಯವರಿಗೆ ಕೊಳೆಯಲ್ಲ. ಬೈಂಡರ್‌ನ ಅಪ್ಪನೂ ಬೈಂಡರ್, ಹಳೇ ಪುಸ್ತಕದ ಪುಡಿಯಲ್ಲೇ ಅನ್ನ ಉಂಡು ಎಂಬತ್ತೊಂದು ವರ್ಷ ಬದುಕಿದವನು. ಹಾಳೆಯ ಮೇಲೆ ಹಬ್ಬುವ ಹಸಿರು, ಕಪ್ಪು ಬೂಷ್ಟನ್ನು ಕಂಡರೆ ಬೈಂಡರ್‌ಗೆ ಸಿಟ್ಟು ಬರುತ್ತಿತ್ತು, ಆದರೆ ಅದು ಕಾಗದದ ಕಾಯಿಲೆ ಎಂದು ಬರುವ ಸಿಟ್ಟು. ಬಿಸಿಲಿಗೆ ಹರವಿ, ಮೃದುವಾದ ಬ್ರಷ್ಷಿನಿಂದ ಗುಡಿಸಿಬಿಟ್ಟರೆ ಮುಗಿಯಿತು. ಧೂಳು ಎಂದರೆ ರಸ್ತೆಯದು, ಸಿಮೆಂಟಿನದು. ಬ್ರೆಡ್ಡಿನ ಮೇಲಿನ ಒಂದು ಚುಕ್ಕೆಗೆ ಹೆದರಿ ಬೀದಿ ತುದಿಗೆ ಓಡಿದ ಆ ಮನೆಯ ಮುಂದಿನ ಕೋಣೆಯಲ್ಲಿ, ಅವಳ ಮಂಚದಿಂದ ಆರು ಹೆಜ್ಜೆ ದೂರದಲ್ಲಿ, ಅವನು ದಿನಾ ಅದನ್ನೇ ಗುಡಿಸುತ್ತ ಕೂತ. ನಾಲ್ಕು ಜನರ ಎಂಟು ಕಣ್ಣಿಗೆ ಅದು ಕಾಣಿಸಲಿಲ್ಲ. ಹೇಳುವುದಕ್ಕೆ ನನಗೂ ಹೊಟ್ಟೆ ಉರಿಯುತ್ತದೆ.

ಎರಡನೇ ದಿನವೇ ಅವಳು ಕುರ್ಚಿ ಎಳೆಸಿಕೊಂಡು ನಡುಬಾಗಿಲಿಗೆ ಬಂದಳು.

"ಏನ್ರೀ ಅದು, ನಿಮ್ಮಷ್ಟಕ್ಕೆ ನೀವೇ ಗುಣುಗುಣು ಅಂತಿರೋದು?"

"ಪುಟ ಎಣಿಸ್ತಿದೀನಿ. ಒಂದು ಹಾಳೆ ಆಚೀಚೆ ಆದ್ರೆ ಇಡೀ ಸಂಪುಟ ಬಿಚ್ಚಬೇಕು."

"ಕೊಡಿ ಇಲ್ಲಿ. ಕೂಗೋದು ನನ್ನ ಕೆಲಸ, ಜೋಡಿಸೋದು ನಿಮ್ಮ ಕೆಲಸ."

"ನೀನು ಮಲಗು ಮಾರಾಯ್ತಿ."

"ಮಲಗಿ ಮಲಗಿ ಬೆನ್ನು ಹಲಗೆ ಆಗಿದೆ. ಸೂರು ನೋಡ್ಕೊಂಡು ಬಿದ್ದಿರೋಕಿಂತ ಸಾಯೋದು ಮೇಲು. ಕೊಡ್ತೀರೋ ಇಲ್ವೋ?"

ಕೊಟ್ಟ. ಅವಳು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ಮಗುಚುತ್ತ ಕೂಗಿದಳು. ಮಾಸ್ಕಿನೊಳಗಿಂದ ದನಿ ಸರಿಯಾಗಿ ಹೊರಡುವುದಿಲ್ಲವೆಂದು ಅದನ್ನು ಗಲ್ಲಕ್ಕೆ ಇಳಿಸಿಕೊಂಡಳು. "ಹದಿನೇಳೂ... ಹದಿನೆಂಟೂ... ಹತ್ತೊಂಬತ್ತು ಇಲ್ಲ, ಇಳಿದು ಹೋಗಿದಾನೆ, ಇಪ್ಪತ್ತೂ!" ಮಧ್ಯೆ ಮಧ್ಯೆ ಹಳೇ ಜಾಹೀರಾತು ಓದುತ್ತಿದ್ದಳು. "ಕೇಳಿ ಇಲ್ಲಿ. ಕಪ್ಪು ಕೊಡೆ ಕಳೆದಿದೆ, ತಂದುಕೊಟ್ಟವರಿಗೆ ಸೂಕ್ತ ಬಹುಮಾನ. ಆಹಾ, ಆ ಬಹುಮಾನದಲ್ಲಿ ಇನ್ನೊಂದು ಕೊಡೆನೇ ಬರ್ತಿತ್ತಲ್ರೀ!" ಬೈಂಡರ್ ನಗುತ್ತಿದ್ದ. ಹುಣ್ಣು ಮಾಯ್ದ ಬಾಯಿಂದ ಹಳೇ ದನಿ ದಿನದಿನಕ್ಕೆ ಮರಳುತ್ತಿತ್ತು. ಅಜ್ಜಿಗೂ ಕೇಳಿಸುವಷ್ಟಾದಾಗ ಅಜ್ಜಿ ಅಡುಗೆಮನೆಯಿಂದ ಬಗ್ಗಿ ನೋಡಿ ಕಣ್ಣೊರೆಸಿಕೊಂಡಳು. ಮಗಳು ಕಾಲೇಜಿನಿಂದ ಬರುವ ಸದ್ದಾದರೆ ಗಂಡ ಹೆಂಡತಿ ಇಬ್ಬರೂ ಕಳ್ಳರ ಹಾಗೆ ಮಾಸ್ಕು ಸರಿಮಾಡಿಕೊಳ್ಳುತ್ತಿದ್ದರು. ಮದುವೆಯಾದಂದಿನಿಂದ ಅವರಿಬ್ಬರೂ ಹಗಲು ಹೊತ್ತಿನಲ್ಲಿ ಅಷ್ಟು ಹೊತ್ತು ಒಟ್ಟಿಗೆ ಕೂತಿರಲಿಲ್ಲ. ಹದಿಮೂರು ದಿನ ಬೈಂಡರ್ ಸುಖವಾಗಿದ್ದ.

ಹದಿನಾಲ್ಕನೇ ದಿನ ಬೆಳಿಗ್ಗೆ ಥರ್ಮಾಮೀಟರ್ ನೂರಾ ಒಂದು ತೋರಿಸಿತು.

ಗಂಟೆಯೊಳಗೆ ಆಸ್ಪತ್ರೆ ಸೇರಿಸಿದರು, ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ನಾಲ್ಕು ದಿನ ಔಷಧಿ ಹನಿಸಿದರೂ ಜ್ವರ ಜಗ್ಗಲಿಲ್ಲ. ಕೆಮ್ಮು ಶುರುವಾಯಿತು, ಉಸಿರೆಳೆದರೆ ಎದೆಯ ಬಲಗಡೆ ಚುಚ್ಚುತ್ತದೆ ಎಂದಳು. ಸ್ಕ್ಯಾನ್ ಮಾಡಿಸಿದರು. ಡಾಕ್ಟರಮ್ಮ ಅಪ್ಪ ಮಗಳನ್ನು ತಮ್ಮ ಕೋಣೆಗೆ ಕರೆದು ಕೂರಿಸಿ, ಕಂಪ್ಯೂಟರಿನ ತೆರೆಯ ಮೇಲೆ ಶ್ವಾಸಕೋಶ ತೋರಿಸಿದರು. ಅದರಲ್ಲಿ ಹತ್ತಿಯುಂಡೆಯಂಥ ಮೂರು ಬಿಳಿ ಗಂಟುಗಳಿದ್ದವು.

"ಇದು ಫಂಗಸ್. ಬೂಷ್ಟಿನ ಸೋಂಕು. ಮನೆ ಹತ್ತಿರ ಕಟ್ಟಡ ಒಡೀತಿದಾರಾ?"

"ಇಲ್ಲ" ಎಂದಳು ಮಗಳು.

"ಗೋಡೆ ತೇವ ಇದೆಯಾ? ಗೊಬ್ಬರ, ಕೊಳೆತ ಎಲೆ?"

"ಏನೂ ಇಲ್ಲ ಡಾಕ್ಟ್ರೇ. ಹೂವಿನ ಕುಂಡ ಕೂಡ ಕೊಟ್ಟುಬಿಟ್ವಿ. ಎಲ್ಲಾ ಹಾಳೇಲಿದ್ದ ಹಾಗೇ ಮಾಡಿದೀವಿ. ಒಂದೂ ತಪ್ಪಿಲ್ಲ."

ಡಾಕ್ಟರಮ್ಮ ಬೈಂಡರ್‌ನ ಕೈ ನೋಡಿದರು. ಉಗುರಿನ ಸುತ್ತ ಒಣಗಿದ ಅಂಟು ಇತ್ತು.

"ನೀವೇನು ಕೆಲಸ ಮಾಡ್ತೀರಿ?"

"ಬೈಂಡಿಂಗು, ಮೇಡಂ."

"ಹೊಸ ಪುಸ್ತಕಗಳಾ, ಹಳೇದಾ?"

ಬೈಂಡರ್ ಬಾಯಿ ತೆರೆದ. ನೀರು ಬಿದ್ದು ಅಂಟಿಕೊಂಡ ಕಟ್ಟುಗಳು, ಬ್ರಷ್ಷು, ಕಿಟಕಿಯ ಬಿಸಿಲಿನಲ್ಲಿ ಎದ್ದು ಕುಣಿಯುತ್ತಿದ್ದ ಪುಡಿ, ಆ ಪುಡಿಯ ನಡುವೆ ಕೂತು ಮಾಸ್ಕು ಇಳಿಸಿ ಕೂಗುತ್ತಿದ್ದ ಅವಳ ಬಾಯಿ, ಎಲ್ಲವೂ ಒಟ್ಟಿಗೇ ಕಣ್ಣಿಗೆ ಬಂತು. "ಹಳೇದು" ಎಂದ. ಆಮೇಲೆ ಅವನೇ ಉಳಿದದ್ದನ್ನೂ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ, ಮಾಸ್ಕಿನ ವಿಷಯ ಸಹ.

ಡಾಕ್ಟರಮ್ಮ ಬಯ್ಯಲಿಲ್ಲ. "ಅದರಿಂದಲೇ ಬಂತು ಅಂತ ಖಂಡಿತ ಹೇಳೋಕಾಗಲ್ಲ. ಗಾಳೀಲಿ ಎಲ್ಲಾ ಕಡೆ ಇರತ್ತೆ ಅದು. ಆದರೆ ಹಾಗೆ ಮಾಡಬಾರದಿತ್ತು" ಎಂದಷ್ಟೇ ಹೇಳಿದರು. ಮಗಳು ಅಪ್ಪನ ಕಡೆ ತಿರುಗಿ ಒಂದು ಸಲ ನೋಡಿದಳು. ಅವಳು ಅಪ್ಪನ ಮುಖವನ್ನು ನೇರ ನೋಡಿದ್ದು ಅದೇ ಕೊನೆ, ಮುಂದೆ ಏಳು ವಾರದವರೆಗೆ.

ಮನೆಗೆ ಬಂದ ಮೇಲೆ ಮಾತ್ರ ಅವಳ ಬಾಯಿ ಕಟ್ಟೆಯೊಡೆಯಿತು, ಅದೂ ಅಜ್ಜಿಯ ಹತ್ತಿರ.

"ನಾನು ಟೊಮೇಟೊ ಗಟ್ಟಿ ಇದೆ ಅಂತ ಜಗಳ ಆಡ್ತಿದ್ದೆ ಅಜ್ಜಿ! ಇಲ್ಲಿ ನೋಡಿದ್ರೆ ಬುಟ್ಟಿಗಟ್ಟಲೆ ಬೂಷ್ಟು ತಂದು ಅಮ್ಮನ ಮೂಗಿಗೆ ಹಿಡಿದಿದಾರೆ!"

"ತರೋಕೆ ಹೇಳಿದೋಳು ನಾನು ಕಣೇ. ನನ್ನ ಬಯ್ಯಿ."

"ನಿಂಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ಅದೇ ಕೆಲಸ ಮಾಡಿದೋರಿಗೆ ಗೊತ್ತಾಗಬೇಡ್ವಾ? ಮಾಸ್ಕ್ ತೆಗೆಯೋಕೆ ಬಿಟ್ಟಿದಾರಲ್ಲ, ಅದಕ್ಕೇನು ಹೇಳ್ತೀಯ? ಚಿಕ್ಕ ಮಕ್ಕಳಾ ಇಬ್ರೂ?"

ಬೈಂಡರ್ ಮುಂದಿನ ಕೋಣೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಈ ಕೋಣೆಯನ್ನು ತೊಳೆದು ಜಾಗ ಮಾಡಿಕೊಟ್ಟವಳು ಅವಳೇ ಎಂಬ ಮಾತು ಅವನ ನಾಲಗೆಯ ತುದಿಗೂ ಬರಲಿಲ್ಲ. ಅವಳು ತನ್ನ ಮೇಲೆಯೂ ಅಷ್ಟೇ ಉರಿಯುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಮಾರನೇ ದಿನ ಕಟ್ಟುಗಳನ್ನೆಲ್ಲ ಗಾಡಿಗೆ ಹೇರಿ ಗ್ರಂಥಾಲಯಕ್ಕೆ ವಾಪಸ್ಸು ಹಾಕಿದ. ಅಲ್ಲಿಯವರು ಅರ್ಧ ಮಾಡಿ ಬಿಟ್ಟೆ ಎಂದು ಬಾಯಿಗೆ ಬಂದಂತೆ ಬಯ್ದರು. ಬೈಸಿಕೊಂಡದ್ದು ಅವನಿಗೆ ಸ್ವಲ್ಪ ಸಮಾಧಾನವೇ ಆಯಿತು. ಒತ್ತುಯಂತ್ರವನ್ನು ಅಂಗಡಿಗೆ ಸಾಗಿಸಿದ, ಕೋಣೆಯ ಗೋಡೆ ನೆಲ ತಿಕ್ಕಿ ತಿಕ್ಕಿ ಬೆರಳಿನ ಚರ್ಮ ಸುಲಿದುಕೊಂಡ.

ಶ್ವಾಸಕೋಶದ ಬೂಷ್ಟಿಗೆ ಐದು ವಾರ ಔಷಧಿ ನಡೆಯಿತು. ಗಂಟುಗಳು ಕರಗಲಿಲ್ಲ, ಸ್ವಲ್ಪ ಕುಗ್ಗಿದವು. ಅಷ್ಟು ದಿನ ಎರಡನೇ ಸುತ್ತಿನ ಔಷಧಿ ಕೊಡುವ ಹಾಗಿರಲಿಲ್ಲ. ಆದರೆ ಪೋಕರಿಗಳೇನು ಕಾಯುತ್ತ ಕೂತಾರೆ? ಒಂಬತ್ತು ಇದ್ದದ್ದು ಇಪ್ಪತ್ತೆರಡಾಯಿತು, ಆಮೇಲೆ ನಲವತ್ತೆಂಟು. ಈಗ ಕಟುವಾದ ಔಷಧಿ ಕೊಟ್ಟರೆ ಕಾಯಿಲೆಗಿಂತ ಮೊದಲು ಔಷಧಿಯೇ ಕೊಲ್ಲುತ್ತದೆ ಎಂದರು ಡಾಕ್ಟರಮ್ಮ. "ಮಾತ್ರೆ ಕೊಡ್ತೀನಿ, ಸ್ವಲ್ಪ ತಡೆಯತ್ತೆ. ರಕ್ತ, ಪ್ಲೇಟ್‌ಲೆಟ್ ಕೊಡ್ತಾ ಇರೋಣ. ಮನೇಲೇ ಇರಲಿ. ಇಷ್ಟವಾದ್ದನ್ನ ತಿನ್ನಲಿ."

"ಎಷ್ಟು ದಿನ, ಮೇಡಂ?"

"ಎರಡು ತಿಂಗಳು ಅಂತ ಇಟ್ಕೊಳ್ಳಿ. ಕಮ್ಮಿನೂ ಆಗಬಹುದು."

ಹೀಗೆ ಅವಳು ಮನೆಗೆ ಬಂದಳು, ಕಾಯಿಲೆಯನ್ನು ಮೈತುಂಬ ತುಂಬಿಕೊಂಡೇ. ಸೋಮವಾರ ಮತ್ತು ಗುರುವಾರ ಆಸ್ಪತ್ರೆಗೆ ಹೋಗಿ ಹಳದಿ ಚೀಲದ ಪ್ಲೇಟ್‌ಲೆಟ್ ಹತ್ತಿಸಿಕೊಂಡು ಬರುವುದು. ಅದು ಎರಡು ದಿನ ಬರುತ್ತಿತ್ತು, ಮೂರನೇ ದಿನ ಮೂಗಿನಿಂದ ರಕ್ತ. ಅವಳ ಡ್ರೈವರ್ ಎರಡು ಸಲ ಬಂದು ರಕ್ತ ಕೊಟ್ಟ. "ಇಪ್ಪತ್ತೆರಡು ವರ್ಷ ನನ್ನ ಬಯ್ದಿದೀಯ, ಈಗ ನನ್ನ ರಕ್ತಾನೂ ಕುಡೀತೀಯ" ಎಂದು ತಮಾಷೆ ಮಾಡಿ, ಹೊರಗೆ ಹೋಗಿ ಗೋಡೆಗೆ ಒರಗಿ ಅತ್ತ. ಅಜ್ಜಿ ಗಂಜಿ, ಬೇಯಿಸಿದ ಮೊಟ್ಟೆ, ಮೆತ್ತಗಿನ ಅನ್ನ ಎಂದು ಏನೇನೋ ಮಾಡಿ ತರುತ್ತಿದ್ದಳು. ಎರಡು ಚಮಚ ಹೋದರೆ ಅದೇ ಹೆಚ್ಚು.

ಬೈಂಡರ್ ಅಂಗಡಿಗೆ ಬೀಗ ಹಾಕಿದ. ಅವಳ ಕೋಣೆಗೆ ಕಾಲಿಡುವ ಮೊದಲು ಪ್ರತಿಸಲ ಸ್ನಾನ ಮಾಡುತ್ತಿದ್ದ, ದಿನಕ್ಕೆ ನಾಲ್ಕು ಸಲ, ಐದು ಸಲ. ಹೋದರೂ ಮಂಚದಿಂದ ದೂರ, ಬಾಗಿಲ ಹತ್ತಿರವೇ ಕೂರುತ್ತಿದ್ದ.

"ಹತ್ರ ಬನ್ರೀ. ಕಚ್ಚಲ್ಲ" ಎಂದಳು ಅವಳು ಒಂದು ಮಧ್ಯಾಹ್ನ.

"ಇಲ್ಲೇ ಸರಿ."

"ನಿಮ್ಮ ಮೈಯಲ್ಲಿ ಈಗ ಬೂಷ್ಟಲ್ಲ, ಚರ್ಮಾನೂ ಉಳಿದಿಲ್ಲ. ಬನ್ನಿ."

ಅವನು ಬಂದು ಮಂಚದ ಅಂಚಿನಲ್ಲಿ ಕೂತು, ಅವಳ ಪಾದ ಹಿಡಿದುಕೊಂಡು, ಸದ್ದಿಲ್ಲದೆ ಅತ್ತ. ಅವಳು ಅಳಲಿಲ್ಲ. ಗಮನವೆಲ್ಲ ಹೊರಗಿನ ಊಟದ ಮೇಜಿನ ಕಡೆಗಿತ್ತು. ಮಲಗಿದಲ್ಲಿಂದ ಬಾಗಿಲ ಸಂದಿಯಲ್ಲಿ ಅವಳಿಗೆ ಆ ಮೇಜಿನ ಅರ್ಧ ಕಾಣುತ್ತಿತ್ತು, ಮಾತು ಪೂರ್ತಿ ಕೇಳುತ್ತಿತ್ತು. ಮನೆಗೆ ಬಂದ ಮೂರೇ ದಿನದಲ್ಲಿ ಅಲ್ಲಿಯ ವ್ಯವಹಾರ ಅವಳಿಗೆ ತಿಳಿದುಹೋಗಿತ್ತು.

"ಅಜ್ಜೀ, ತಟ್ಟೆ ಹಾಕಿದೆ ಅಂತ ಹೇಳು" ಎನ್ನುತ್ತಿದ್ದಳು ಮಗಳು. ಅಪ್ಪ ಎರಡು ಮೊಳ ದೂರದಲ್ಲೇ ನಿಂತಿರುತ್ತಿದ್ದ.

"ಕೇಳಿಸ್ತಲ್ಲ ಅವನಿಗೆ" ಎನ್ನುತ್ತಿದ್ದಳು ಅಜ್ಜಿ. "ನಿಮ್ಮಿಬ್ಬರ ಮಧ್ಯೆ ನಾನೇನು ಟೆಲಿಫೋನಾ?"

"ಸೋಮವಾರ ಅಮ್ಮನ ಜೊತೆ ನಾನು ಹೋಗ್ತೀನಿ. ಬೇರೆ ಯಾರೂ ಬರೋದು ಬೇಡ ಅಂತ ಹೇಳಿಬಿಡು."

"ಬೇರೆ ಯಾರೂ ಅಂದ್ರೆ ನಿಮ್ಮಪ್ಪ ತಾನೇ?"

ಮಗಳು ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಿಂತೇ ಉಣ್ಣುತ್ತಿದ್ದಳು. ಬೈಂಡರ್ ಒಬ್ಬನೇ ಮೇಜಿನಲ್ಲಿ ಕೂತು ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದ. ಅವನ ಷರ್ಟಿನ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ಒಂದು ಸಲ ಧೈರ್ಯ ಮಾಡಿ "ಪುಟ್ಟೀ" ಎಂದು ಕರೆದ. ಅವಳು ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿ ಪಾತ್ರೆ ತೊಳೆದಳು.

"ಹೀಗೇ ಎಷ್ಟು ದಿನ ಇರ್ತಾಳೆ?" ಎಂದು ಬೈಂಡರ್ ಹೆಂಡತಿಯನ್ನು ಕೇಳಿದ.

"ನನ್ನ ಮಗಳು ಅವಳು. ಜೀವನಪೂರ್ತಿ ಇರ್ತಾಳೆ."

ಒಂದು ಭಾನುವಾರ ಹನ್ನೆರಡೂವರೆಯ ಹೊತ್ತಿಗೆ ಅವಳು ಮಗಳನ್ನು ಕರೆದಳು. ಬೈಂಡರ್ ಅಲ್ಲೇ ಹೊದಿಕೆ ಮಡಚುತ್ತಿದ್ದ. ಮಗಳನ್ನು ಕಂಡು ಹೊರಗೆ ಹೊರಟವನನ್ನು "ನೀವೂ ಇರಿ" ಎಂದು ತಡೆದಳು. ಅವತ್ತು ಅವಳ ತುಟಿ ಸುಣ್ಣದ ಹಾಗಿತ್ತು, ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು.

"ಇನ್‌ಸ್ಪೆಕ್ಟರೇ, ಒಂದು ವಿಷಯ ಹೇಳ್ಬೇಕು. ಮೊದಲನೇ ಸಲ ಆಸ್ಪತ್ರೆಯಿಂದ ಕಳಿಸಿದ ದಿನ ನೀನು ಔಷಧಿ ತರೋಕೆ ಕೆಳಗೆ ಹೋಗಿದ್ದೆ. ನಿಮ್ಮಪ್ಪ ಆಟೋ ನೋಡೋಕೆ ಹೋಗಿದ್ರು. ಆಗ ನರ್ಸು ನನಗೊಬ್ಬಳಿಗೇ ಹೇಳಿದ್ರು. ಹಳೇ ಕಾಗದ, ಹಳೇ ಪುಸ್ತಕದ ಹತ್ರ ಹೋಗ್ಬೇಡಿ, ಅದರಲ್ಲಿ ಬೂಷ್ಟಿರತ್ತೆ ಅಂತ. ನಿಮ್ಮ ಮನೆಯವರು ಬೈಂಡರ್ ಅಲ್ವಾ, ಹುಷಾರು ಅಂತ."

ಮಗಳು ಮಂಚದ ಹತ್ತಿರಕ್ಕೆ ಬಂದಳು.

"ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ರೆ ನಿಮ್ಮಪ್ಪ ಅಂಗಡಿಗೆ ಹೋಗ್ತಿದ್ರು, ನೀನು ಕಾಲೇಜಿಗೆ, ನಾನೊಬ್ಬಳೇ ಸೂರು ನೋಡ್ಕೊಂಡು ಇರಬೇಕಿತ್ತು. ನಂಗೆ ಬೇಜಾರು ಬಂದಿತ್ತು. ಏನೂ ಆಗಲ್ಲ ಅಂದ್ಕೊಂಡೆ."

"ಗೊತ್ತಿತ್ತಾ ನಿಂಗೆ?" ಎಂದಳು ಮಗಳು. "ಗೊತ್ತಿದ್ದೂ ಕೂತ್ಯಾ ಅಲ್ಲಿ? ಮಾಸ್ಕ್ ತೆಗೆದು?"

"ಹ್ಞೂಂ."

"ನಾನು ಬೆಳಿಗ್ಗೆ ಐದಕ್ಕೆ ಎದ್ದು ನಿನ್ನ ಲೋಟ ಕುದಿಸ್ತಿದ್ದೆ! ಅಜ್ಜಿ ಕುಂಡ ಕೊಟ್ಟು ಅತ್ಲು! ನಿಂಗೆ ಬೇಜಾರಾ? ನಿಂಗೆ ಬೇಜಾರಾಯ್ತು ಅಂತ ನಮ್ಮನ್ನ ಬಿಟ್ಟು ಹೋಗ್ತೀಯಾ? ಏಳು ವಾರದಿಂದ ಅಪ್ಪನ್ನ ಕೊಲೆಗಾರ ಅನ್ನೋ ಹಾಗೆ ನೋಡ್ತಿದೀನಿ, ಅದನ್ನ ನೋಡ್ಕೊಂಡು ಸುಮ್ನೆ ಮಲಗಿದ್ಯಲ್ಲಮ್ಮಾ!"

ಕದ ಧಡಾರನೆ ಬಡಿದುಕೊಂಡಿತು. ಬೈಂಡರ್‌ನ ಕೈಯಲ್ಲಿ ಹೊದಿಕೆ ಅರ್ಧ ಮಡಿಕೆಯಲ್ಲಿತ್ತು. ಅವತ್ತು ಅವನು ಆಟೋ ನೋಡಲು ಹೋಗಿರಲಿಲ್ಲ. ಹೋಗುವ ಹಾಗೆಯೇ ಇರಲಿಲ್ಲ, ಕೂರಲು ತ್ರಾಣವಿಲ್ಲದ ಅವಳನ್ನು ಎದೆಗೆ ಒರಗಿಸಿಕೊಂಡು ಅವನು ಕದಲದೆ ಕೂತಿದ್ದ. ನರ್ಸು ಹಾಳೆ ಓದಿದ್ದು ಇಬ್ಬರ ಎದುರಿಗೇ. ಹಳೇ ಕಾಗದದ ಮಾತನ್ನು ಯಾರೂ ಎತ್ತಿರಲಿಲ್ಲ.

"ಯಾಕೆ ಹೇಳಿದೆ ಆ ಸುಳ್ಳು?"

"ಮೆತ್ತಗೆ ಮಾತಾಡಿ."

"ಈಗಲೇ ಹೋಗಿ ಹೇಳ್ತೀನಿ. ಪಾಪದ ಹುಡುಗಿ, ನಿನ್ನ ಮೇಲೆ ಸಿಟ್ಟು ಮಾಡ್ಕೊಂಡು..."

"ಮಾಡ್ಕೊಳ್ಳಲಿ ಬಿಡ್ರೀ. ನನ್ನ ಮೇಲೆ ಎಷ್ಟು ದಿನ ಮಾಡ್ಕೋತಾಳೆ? ನಾನು ಹೋದ ದಿನ ಅದೂ ಹೋಗತ್ತೆ. ನಿಮ್ಮ ಮೇಲಿನ ಸಿಟ್ಟು ಹೋಗಲ್ಲ." ಉಸಿರಿಗಾಗಿ ತಡೆದಳು. "ಅತ್ತೆಗೆ ಎಂಬತ್ತಾಗ್ತಾ ಬಂತು. ಆಮೇಲೆ ಈ ಮನೇಲಿ ನೀವಿಬ್ಬರೇ. ಒಂದು ಲೋಟ ನೀರು ಕೇಳೋಕೂ ಮಧ್ಯೆ ಯಾರೂ ಇರಲ್ಲ."

"ಇರೋ ನಾಲ್ಕು ದಿನಾನೂ ಅವಳು ನಿನ್ನ ಹತ್ರ ಬರದೇ ಹೋದ್ರೆ?"

ಅವಳು ಗೋಡೆಯ ಕಡೆ ತಿರುಗಿದಳು. "ಅದನ್ನೂ ಲೆಕ್ಕ ಹಾಕಿದೀನಿ" ಎಂದಳು. "ನೀವು ಬಾಯಿ ಬಿಟ್ರೆ ನನ್ನಾಣೆ. ಹೋಗಿ, ಊಟದ ಹೊತ್ತಾಯ್ತು."

ಅವನು ಹೊರಗೆ ಬಂದಾಗ ಮೇಜಿನ ಮೇಲೆ ಮೂರು ತಟ್ಟೆ ಹಾಕಿತ್ತು. ಮಗಳು ಅಡುಗೆಮನೆಗೆ ಹೋಗಲಿಲ್ಲ, ಅವನ ಎದುರಿನ ಕುರ್ಚಿಯಲ್ಲಿ ಕೂತಳು. ಅತ್ತು ಅವಳ ಮುಖ ಊದಿಕೊಂಡಿತ್ತು. ಅಜ್ಜಿ ಏನಾಯಿತೆಂದು ತಿಳಿಯದೆ ಒಬ್ಬರಿಂದ ಒಬ್ಬರ ಮುಖ ನೋಡಿ, ಒಂದು ಸಣ್ಣ ತಟ್ಟೆಗೆ ಗಂಜಿ ಹಾಕಿ "ಅಮ್ಮಂಗೆ ಕೊಟ್ಟು ಬಾ" ಎಂದು ಮೊಮ್ಮಗಳ ಮುಂದಿಟ್ಟಳು. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು.

"ನೀನೇ ಕೊಡು ಅಜ್ಜಿ. ನಾನು ಹೋಗಲ್ಲ."

ಬೈಂಡರ್‌ನ ನಾಲಗೆಯ ತುದಿಗೆ ಆ ಮಾತು ಬಂದಿತ್ತು. ಒಂದೇ ಮಾತು, ನಾಲ್ಕು ಪದ. ಆಡಿಬಿಟ್ಟರೆ ಮಗಳು ಈ ಕ್ಷಣವೇ ಎದ್ದು ಆ ತಟ್ಟೆ ಹಿಡಿದು ಒಳಗೆ ಓಡುತ್ತಾಳೆ. ಬಾಗಿಲ ಸಂದಿಯಲ್ಲಿ ಅವಳ ಮಂಚದ ಕಾಲು ಕಾಣುತ್ತಿತ್ತು. ಅಜ್ಜಿ ಮಂಡಿ ಹಿಡಿದುಕೊಂಡು ಎದ್ದು ತಟ್ಟೆ ತೆಗೆದುಕೊಂಡು ಹೋದಳು. ಮಗಳು ಅಪ್ಪನ ತಟ್ಟೆಗೆ ಅನ್ನ ಬಡಿಸಿದಳು, ಅದರ ಮೇಲೆ ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿ ಇಟ್ಟಳು, ನೀರಿನ ಲೋಟವನ್ನು ಅವನ ಬಲಗೈಯ ಹತ್ತಿರ ಸರಿಸಿದಳು.

"ತಪ್ಪಾಯ್ತಪ್ಪಾ" ಎಂದಳು ತಲೆ ತಗ್ಗಿಸಿ. "ಎಷ್ಟು ಸಣ್ಣಗಾಗಿದೀಯ ನೀನು. ಇನ್ನೂ ಸ್ವಲ್ಪ ಹಾಕ್ಲಾ?"

ಒಳಗೆ ಕೆಮ್ಮು ಶುರುವಾದದ್ದು ಇಬ್ಬರಿಗೂ ಕೇಳಿಸಿತು. ಮಗಳು ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ.

"ಹಾಕಮ್ಮ" ಎಂದ ಬೈಂಡರ್.